ಎಲೆತಟ್ಟೆಯ ಕನ್ನಡಿ

ಬಹಳ ಹಿಂದೆ, ಕೆರೆಗಳಲ್ಲಿ ಇನ್ನೂ ಹೂಳು ತುಂಬಿರದ ಕಾಲದಲ್ಲಿ, ಒಂದು ಊರಿತ್ತು. ಆ ಊರಿನಲ್ಲಿ ಚೆನ್ನಾಜಮ್ಮ ಎಂಬ ಹೆಂಗಸಿದ್ದಳು. ಅವಳ ಕಥೆ ಶುರು ಮಾಡುವ ಮೊದಲು ಕೇಳುವವರಿಗೆ ಒಂದು ಮಾತು ಹೇಳಬೇಕು, ಅದು ರೂಢಿ: ಬಾಯಲ್ಲಿ ಏನಾದರೂ ಇದ್ದರೆ ಹೋಗಿ ಉಗಿದು ಬನ್ನಿ. ಉಗಿದಿರಾ? ಬಾಯಿ ಮುಕ್ಕಳಿಸಿದಿರಾ? ಈಗ ನೆಟ್ಟಗೆ ಕೂತು ಕೇಳಿ.

ಚೆನ್ನಾಜಮ್ಮ ಎಲೆ ಮಡಿಸುವುದರಲ್ಲಿ ಹೆಸರಾದವಳು. ಎಲೆ ಮಡಿಸುವುದು ಯಾರಿಗೆ ಬರುವುದಿಲ್ಲ? ಅವಳ ಹಾಗೆ ಯಾರಿಗೂ ಬರುತ್ತಿರಲಿಲ್ಲವಂತೆ. ಚಿಗುರೆಲೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ತೊಟ್ಟು ಮುರಿದು, ಬೆನ್ನಿನ ನಾರು ತೆಗೆದು, ಉಂಗುರದ ಬೆರಳಿನಿಂದ ಸುಣ್ಣ ಸವರಿ, ಅಡಿಕೆ ಇಟ್ಟು, ಮೇಲೆ ಒಂದು ಚಿಟಿಕೆ ಹೊಗೆಸೊಪ್ಪು ಉದುರಿಸಿ ಅವಳು ಮಡಿಸಿಕೊಟ್ಟರೆ, ಮುನಿಸಿಕೊಂಡ ಅಣ್ಣತಮ್ಮಂದಿರು ಅಲ್ಲೇ ಒಂದಾಗುತ್ತಿದ್ದರಂತೆ. ತಾಯಿ ಸತ್ತ ಕರು ಕೂಡ ಅವಳ ಕೈಯೆಲೆ ತಿಂದು ಅಳು ನಿಲ್ಲಿಸಿತು ಎನ್ನುತ್ತಾರೆ. ಕರುವಿನ ಮಾತು ಆಮೇಲೆ ಸೇರಿದ್ದು, ಅದನ್ನು ನಂಬಬೇಕಾಗಿಲ್ಲ. ಆದರೆ ಅವಳ ಹಿತ್ತಾಳೆಯ ಎಲೆತಟ್ಟೆ ಇದ್ದದ್ದು ನಿಜ. ಎಲೆಗೆ ಒಂದು ಮನೆ, ಅಡಿಕೆಗೆ ಒಂದು ಮನೆ, ಸುಣ್ಣಕ್ಕೆ ಒಂದು ಮನೆ, ನಟ್ಟನಡುವೆ ಹೊಗೆಸೊಪ್ಪಿಗೆ ಒಂದು ದುಂಡನೆಯ ಮನೆ ಇದ್ದ ತಟ್ಟೆ. ಹುಣಸೆಹಣ್ಣು ಹಾಕಿ ಬೆಳಗಿ ಬೆಳಗಿ ಅದು ಬಂಗಾರದ ಹಾಗೆ ಹೊಳೆಯುತ್ತಿತ್ತಂತೆ.

ಇನ್ನೊಂದು ಮಾತೂ ನಿಜ. ಚೆನ್ನಾಜಮ್ಮನ ಬಾಯಿಂದ ಯಾರೂ ಒಂದು ಸುಳ್ಳು ಕೇಳಿರಲಿಲ್ಲ. ಅದರ ಬಗ್ಗೆ ಅವಳಿಗೆ ಹೆಮ್ಮೆ ಇತ್ತು. ಹೆಮ್ಮೆ ಸ್ವಲ್ಪ ಹೆಚ್ಚೇ ಇತ್ತು.

ಅದಕ್ಕೇ ಆ ಊರಿನಲ್ಲಿ ವ್ಯಾಜ್ಯ ಬಂದರೆ ದೇವರ ಮುಂದೆ ಆಣೆ ಮಾಡಿಸುತ್ತಿರಲಿಲ್ಲ. ಅರಳಿಕಟ್ಟೆಯ ಮೇಲೆ ನಿಲ್ಲಿಸಿ ಚೆನ್ನಾಜಮ್ಮನ ಕೈಯೆಲೆ ಹಾಕಿಸುತ್ತಿದ್ದರು. ಸತ್ಯವಂತರ ಬಾಯಲ್ಲಿ ಎಲೆ ಕೆಂಪಾಗುತ್ತದೆ, ಸುಳ್ಳು ಹೇಳಿದವರ ಬಾಯಲ್ಲಿ ಇಂದಲ್ಲ ನಾಳೆ ಹುಣ್ಣಾಗುತ್ತದೆ, ಅದು ಮಾಯುವುದಿಲ್ಲ ಎಂದು ಊರು ನಂಬಿತ್ತು. ಯಾರ ಬಾಯಲ್ಲಾದರೂ ಹುಣ್ಣು ಕಂಡರೆ "ಎಲೆ ಹಿಡೀತು" ಎನ್ನುತ್ತಿದ್ದರು. ಎಲೆ ಹಿಡಿದವರ ಮನೆಗೆ ಆಮೇಲೆ ಯಾರೂ ಎಲೆ ಅಡಿಕೆ ಕೊಟ್ಟು ಕರೆಯುತ್ತಿರಲಿಲ್ಲ. ಇದರಿಂದ ಆದದ್ದೇನು ಎಂದರೆ, ಬಾಯಿಗೆ ಹುಣ್ಣಾದವರು ಯಾರೂ ಬಾಯಿ ಬಿಡುತ್ತಿರಲಿಲ್ಲ.

ಅದೇ ಊರಿನಲ್ಲಿ ಸಣ್ಣಮ್ಮ ಎಂಬವಳಿದ್ದಳು. ಅವಳ ಗಂಡ ನೀರುಗಂಟಿ, ಅಂದರೆ ಕೆರೆಯ ತೂಬು ಎತ್ತಿ ಇಳಿಸಿ ಗದ್ದೆ ಗದ್ದೆಗೂ ಸರದಿಯಂತೆ ನೀರು ಬಿಡುವವನು. ಅವನು ತೀರಿಕೊಂಡ ಮೇಲೆ ಸಣ್ಣಮ್ಮನೇ ಆ ಕೆಲಸಕ್ಕೆ ನಿಂತಳು. ದಿನ ಬೆಳಗಾದರೆ ಕೆರೆಗೆ ಹೋಗುವ ದಾರಿಯಲ್ಲಿ ಚೆನ್ನಾಜಮ್ಮನ ಜಗುಲಿಯ ಮುಂದೆ ನಿಂತು, "ಒಂದೆಲೆ ಕೊಡ್ರಮ್ಮಾ, ಹೊಗೆಸೊಪ್ಪು ವಸಿ ಜಾಸ್ತಿ ಹಾಕಿ, ಹಸಿವು ಗೊತ್ತಾಗಬಾರ್ದು" ಎನ್ನುತ್ತಿದ್ದಳಂತೆ. ಚೆನ್ನಾಜಮ್ಮ ಕೊಡುತ್ತಿದ್ದಳು. ಅದನ್ನು ಕೆನ್ನೆಗೆ ಒತ್ತರಿಸಿಕೊಂಡು ಸಣ್ಣಮ್ಮ ಹೊತ್ತು ಮುಳುಗುವವರೆಗೂ ಕೆಸರಿನಲ್ಲಿ ನಿಲ್ಲುತ್ತಿದ್ದಳು.

ಒಂದು ಬೇಸಿಗೆ ಯಾರೋ ಸರದಿ ಮೀರಿ ತೂಬು ಎತ್ತಿದರು. ನೀರೆಲ್ಲ ಹರಿದು ಹೋಗಿ ಕೆಳಗಿನ ಗದ್ದೆಗಳು ಒಣಗಿದವು. ತೂಬಿನ ಕೆಲಸ ಯಾರದು? ಸಣ್ಣಮ್ಮನದು. ಅವಳು ಕಟ್ಟೆ ಹತ್ತಿ, ನಾನು ಎತ್ತಲಿಲ್ಲ, ಎತ್ತಿದವರನ್ನು ನೋಡಲೂ ಇಲ್ಲ ಎಂದು ಹೇಳಿ ಆಣೆಯೆಲೆ ಹಾಕಿದಳು. ಬಾಯಿ ಕೆಂಪಾಯಿತು. ಊರು ಸುಮ್ಮನಾಯಿತು. ಒಂದು ಮಳೆಗಾಲ ಹೋಯಿತು, ಇನ್ನೊಂದು ಬಂತು, ಸಣ್ಣಮ್ಮನ ಕೆನ್ನೆಯೊಳಗೆ ಹುಣ್ಣೆದ್ದಿತು.

ಊರ ಬಾಯಿಗೆ ಮುಚ್ಚಳ ಉಂಟೆ? ಪಟೇಲ ಶಾಂತಪ್ಪ ಊರನ್ನೆಲ್ಲ ಕೂಡಿಸಿ, ಏನು ಹೇಳುತ್ತೀ ತಾಯಿ ಎಂದು ಚೆನ್ನಾಜಮ್ಮನನ್ನು ಕೇಳಿದ. ಚೆನ್ನಾಜಮ್ಮ ಸಣ್ಣಮ್ಮನ ಮುಖ ನೋಡಿದಳು. ಸಣ್ಣಮ್ಮನೂ ಅವಳ ಮುಖವನ್ನೇ ನೋಡುತ್ತಿದ್ದಳು, ದಿನವೂ ಎಲೆ ಕೊಟ್ಟ ಕೈ ತನ್ನನ್ನು ಬಿಡಲಾರದು ಎಂಬ ಹಾಗೆ. ಚೆನ್ನಾಜಮ್ಮ, "ಎಲೆ ಹಿಡೀತು" ಎಂದಳು. ಅಷ್ಟೇ ಹೇಳಿ ತಟ್ಟೆ ಎತ್ತಿಕೊಂಡು ಮನೆಗೆ ಹೋದಳು. ಆ ದಿನ ಅವಳಿಗೆ ಒಳ್ಳೆಯ ನಿದ್ದೆ ಬಂತಂತೆ.

ಸಣ್ಣಮ್ಮ ಬಾಯಿಗೆ ಸೆರಗು ಮುಚ್ಚಿಕೊಂಡು ಒಳಗೆ ಕೂತವಳು ಮತ್ತೆ ಊರ ಮುಂದೆ ಬರಲಿಲ್ಲ. ಒಂದು ದಿನ ಆ ಮನೆಯಿಂದ ಹೊಗೆ ಏಳದಿದ್ದಾಗ ಅವಳು ತೀರಿಕೊಂಡದ್ದು ಊರಿಗೆ ಗೊತ್ತಾಯಿತು. ಅವಳ ಮಗಳು ಮಾದೇವಿ ತಾಯಿಯ ಜಾಗಕ್ಕೆ ಬಂದು ತೂಬಿಗೆ ನಿಂತಳು. ಅವಳು ಬಿಟ್ಟ ನೀರು ಎಲ್ಲರಿಗೂ ಬೇಕಾಗಿತ್ತು. ಅವಳ ಮನೆಗೆ ಎಲೆ ಮಾತ್ರ ಹೋಗಲಿಲ್ಲ. ಅವಳ ಓರಗೆಯ ಹುಡುಗಿಯರು ಬಸುರಿ ಬಾಣಂತಿಯರಾದರು, ಮಾದೇವಿಯನ್ನು ಕೇಳಿಕೊಂಡು ಯಾರೂ ಬರಲಿಲ್ಲ.

ಹೀಗೇ ಕಾಲ ಹೋಯಿತು. ಚೆನ್ನಾಜಮ್ಮನ ತಲೆ ನರೆಯಿತು.

ಒಂದು ದಿನ ಬೆಳಗ್ಗೆ ಬಾಯಿ ಮುಕ್ಕಳಿಸುವಾಗ ಎಡಗೆನ್ನೆಯ ಒಳಗೆ ಅವಳ ನಾಲಿಗೆಗೆ ಏನೋ ತಾಕಿತು. ಅವಳು ಎಲೆಯನ್ನು ಒತ್ತರಿಸಿ ಇಟ್ಟುಕೊಳ್ಳುತ್ತಿದ್ದ ಜಾಗ ಅದು. ಕನ್ನಡಿಯಲ್ಲಿ ನೋಡಿದಳು. ಗಂಜಿಯ ಮೇಲೆ ಕೆನೆ ಕಟ್ಟಿದ ಹಾಗೆ ಬಿಳಿ ಮಚ್ಚೆ. ಸುಣ್ಣ ಸುಟ್ಟಿರಬೇಕು ಎಂದುಕೊಂಡಳು. ಮಚ್ಚೆ ಹೋಗಲಿಲ್ಲ. ದಿನ ಕಳೆದ ಹಾಗೆ ಒರಟಾಯಿತು, ಒರಟಾದದ್ದು ಒಡೆಯಿತು, ಒಡೆದದ್ದು ಹುಣ್ಣಾಯಿತು. ಖಾರ ತಾಗಿದರೆ ಕಣ್ಣಲ್ಲಿ ನೀರು. ಮುದ್ದೆ ನುಂಗಿದರೆ ಕಿವಿಯವರೆಗೂ ನೋವು. ಚೆನ್ನಾಜಮ್ಮ ಸೆರಗನ್ನು ಕೆನ್ನೆಯ ಮೇಲೆ ಎಳೆದುಕೊಂಡಳು. ಕೇಳಿದವರಿಗೆ ತಲೆ ಅಲ್ಲಾಡಿಸಿ ಸುಮ್ಮನಾದಳು.

ಸುಮ್ಮನಿದ್ದವಳು ಒಳಗೊಳಗೆ ತನ್ನ ಬಾಳನ್ನೆಲ್ಲ ಜಾಲಾಡಿದಳಂತೆ. ತಾನು ಯಾವ ಸುಳ್ಳು ಹೇಳಿದ್ದೆ? ಎಳೆಯವಳಿದ್ದಾಗ ಬೆಲ್ಲ ಕದ್ದು ತಿಂದು ಇಲ್ಲ ಎಂದದ್ದು ನೆನಪಾಯಿತು. ಹೊಸ ಸೊಸೆಯಾಗಿದ್ದಾಗ ಬೆಕ್ಕು ಕುಡಿದ ಹಾಲನ್ನು ಉಕ್ಕಿ ಹೋಯಿತು ಎಂದಿದ್ದಳೇ? ಅದು ಸರಿಯಾಗಿ ನೆನಪಾಗಲಿಲ್ಲ, ಆದರೂ ತೀರಿಹೋದ ಅತ್ತೆಯ ಹೆಸರು ಹೇಳಿ ತಪ್ಪುಕಾಣಿಕೆ ಇಟ್ಟಳು. ಬೆಲ್ಲಕ್ಕೆಂದು ಇರುವೆಗೂಡಿಗೆ ಬೆಲ್ಲ ಹಾಕಿದಳು. ಹುಣ್ಣು ಮಾಯಲಿಲ್ಲ. ನಾನು ಸುಳ್ಳು ಹೇಳಿಲ್ಲವಾದರೆ, ಎಂಬ ಯೋಚನೆಯೊಂದು ಆಗಾಗ ಬಂದು ಬಾಗಿಲು ತಟ್ಟುತ್ತಿತ್ತು. ತಟ್ಟಿದಾಗಲೆಲ್ಲ ಅವಳು ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಿದ್ದಳು. ಆ ಬಾಗಿಲು ತೆರೆದರೆ ಹೊರಗೆ ನಿಂತಿರುವವಳು ಸಣ್ಣಮ್ಮ ಎಂದು ಅವಳಿಗೆ ಗೊತ್ತಿತ್ತು.

ಒಂದು ಮಧ್ಯಾಹ್ನ ಅವಳು ಕೆರೆಯ ಏರಿಯ ಮೇಲೆ ಬರುತ್ತಿದ್ದಳು. ತೂಬಿನ ಹತ್ತಿರ ಮಾದೇವಿ ನಿಂತಿದ್ದಳು. ಪಕ್ಕದಲ್ಲಿ ಹಾದುಹೋಗುವಾಗ ಮಾದೇವಿ ಕೈಯಲ್ಲಿದ್ದ ಗುದ್ದಲಿಯನ್ನು ಕೆಳಗಿಟ್ಟಳು.

"ಸೆರಗು ತೆಗೀರಿ ಅಮ್ಮಾವ್ರೇ. ಈ ವಾಸನೆ ನಂಗೊತ್ತು. ನಮ್ಮವ್ವನ ಹಾಸಿಗೆ ವಾಸನೆ."

"ಹಲ್ಲುನೋವು ಕಣೇ."

"ನಮ್ಮವ್ವನೂ ಹಲ್ಲುನೋವು ಅಂತಲೇ ಅಂತಿದ್ಲು."

ಯಾರಿಗೂ ಹೇಳಬೇಡ ಎಂದು ಚೆನ್ನಾಜಮ್ಮ ಮಾದೇವಿಯ ಕೈ ಹಿಡಿದುಕೊಂಡಳಂತೆ. ಮಾದೇವಿ ನಕ್ಕುಬಿಟ್ಟಳು.

"ನಾನು ಹೇಳಿದ್ರೆ ಯಾರು ನಂಬ್ತಾರೆ? ಸುಳ್ಳಿ ಮಗಳಲ್ವಾ ನಾನು?"

ಆಮೇಲೆ ನಗು ನಿಲ್ಲಿಸಿ ಹೇಳಿದಳು. ಹೊಳೆಯಾಚೆಯ ಪಟ್ಟಣದಲ್ಲಿ ದೊಡ್ಡಾಸ್ಪತ್ರೆ ಇದೆ, ಅವ್ವನನ್ನು ಅಲ್ಲಿಗೆ ಹೊತ್ತುಕೊಂಡು ಹೋಗಿದ್ದೆ, ಅಷ್ಟು ಹೊತ್ತಿಗೆ ಗಂಟಲೇ ಮುಚ್ಚಿಹೋಗಿತ್ತು, ಇದು ಕಾಯಿಲೆ, ಮೊದಲೇ ತಂದಿದ್ದರೆ ಉಳಿಸಬಹುದಿತ್ತು ಎಂದರು ಅಲ್ಲಿನ ಡಾಕ್ಟರು. "ಮೊದ್ಲೇ ಹೆಂಗೆ ತರೋದು ಅಮ್ಮಾವ್ರೇ? ಬಾಯಿ ತೋರಿಸಿದ್ರೆ ಎಲೆ ಹಿಡೀತು ಅಂತೀರಿ. ಬಂದು ಊರಿಗೆಲ್ಲ ಹೇಳ್ದೆ. ನೀವೂ ಕೇಳಿಸ್ಕೊಂಡ್ರಿ. ಕೇಳಿಸ್ಕೊಂಡು ಬಾಗಿಲು ಹಾಕ್ಕೊಂಡ್ರಿ."

ಅದು ನಿಜವಾಗಿತ್ತು. ಚೆನ್ನಾಜಮ್ಮ ಬಾಗಿಲು ಹಾಕಿಕೊಂಡಿದ್ದಳು.

ಮಾರನೆಯ ದಿನ ಅವಳು ಗಂಟು ಕಟ್ಟಿಕೊಂಡು ಹೊರಟಳು. ಎಲ್ಲಿಗೆ ಎಂದು ಪಟೇಲ ಕೇಳಿದ. ಬೆಟ್ಟದ ದೇವರಿಗೆ ಹರಕೆ ಇದೆ, ತಿಂಗಳೊಪ್ಪತ್ತು ಅಲ್ಲೇ ಇದ್ದು ಬರುತ್ತೇನೆ ಎಂದಳು. ಊರ ಎದುರು ತಿಳಿದೂ ತಿಳಿದೂ ಅವಳು ಹೇಳಿದ ಮೊದಲ ಸುಳ್ಳು ಅದೇ ಎನ್ನುತ್ತಾರೆ. ಊರು ಅವಳಿಗೆ ಕುಂಕುಮ ಇಟ್ಟು ಕಳಿಸಿತು.

ಆಸ್ಪತ್ರೆಯಲ್ಲಿ ಚೆನ್ನಾಜಮ್ಮ ಒಂದು ಉದ್ದನೆಯ ಕೋಣೆಯನ್ನು ಕಂಡಳು. ಗೋಡೆಯ ಉದ್ದಕ್ಕೂ ಜನ ಕೂತಿದ್ದರು. ಕೆಲವರು ಸೆರಗಿನಲ್ಲಿ, ಕೆಲವರು ಟವಲಿನಲ್ಲಿ ಬಾಯಿ ಮುಚ್ಚಿಕೊಂಡಿದ್ದರು. ಲೋಕದಲ್ಲಿ ಇಷ್ಟು ಸುಳ್ಳರಿದ್ದಾರೆಯೇ ಎಂದು ಅವಳಿಗೆ ಮೊದಲು ಅನಿಸಿತಂತೆ. ಪಕ್ಕದಲ್ಲಿ ಕೂತ ಹೆಂಗಸನ್ನು, ನೀನು ಯಾವ ಕಟ್ಟೆಯಲ್ಲಿ ಸುಳ್ಳು ಆಣೆ ಮಾಡಿದೆ ಎಂದು ಮೆಲ್ಲಗೆ ಕೇಳಿದಳು. ಆ ಹೆಂಗಸು, "ಅಯ್ಯೋ, ನಮ್ಮೂರಲ್ಲಿ ಆಣೆ ಗೀಣೆ ಇಲ್ಲ ಕಣಕ್ಕ, ಹೊಗೆಸೊಪ್ಪು ಅದೆ" ಎಂದಳು.

ಅಲ್ಲಿ ಒಬ್ಬ ಡಾಕ್ಟರಮ್ಮ ಇದ್ದರು. ಮಾತು ಕಡಿಮೆ, ಕೈ ಮೃದು. ಅವರು ಬೆಳಕು ಬಿಟ್ಟು ಬಾಯೊಳಗೆ ನೋಡಿದರು, ಕೆನ್ನೆಯನ್ನು ಒಳಗೂ ಹೊರಗೂ ಬೆರಳಿಟ್ಟು ನೋಡಿದರು, ದವಡೆಯ ಕೆಳಗೆ ಗಂಟು ಹುಡುಕಿದರು. ಹುಣ್ಣಿನ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಆಮೇಲೆ ಇದು ಕ್ಯಾನ್ಸರ್ ಎಂದರು. ಚೆನ್ನಾಜಮ್ಮ ತಲೆ ತಗ್ಗಿಸಿ, ಸುಳ್ಳು ಹೇಳಿದರೆ ಇದು ಬರುತ್ತದೆಯೇ ಎಂದು ಕೇಳಿದಳು.

"ಸುಳ್ಳಿಗೆ ಬರೋ ಹಾಗಿದ್ರೆ ಈ ಊರಿಗೆ ನಾನೊಬ್ಬಳು ಡಾಕ್ಟ್ರು ಸಾಕಾಗ್ತಿದ್ನಾ ತಾಯಿ?" ಎಂದರಂತೆ ಡಾಕ್ಟರಮ್ಮ.

ಮತ್ತೆ ಹೇಗೆ ಬರುತ್ತದೆ ಎಂದು ಚೆನ್ನಾಜಮ್ಮ ಕೇಳಿದಳು. ಡಾಕ್ಟರಮ್ಮ ಅವಸರ ಮಾಡದೆ ತಿಳಿಸಿದರು. ನಮ್ಮ ಮೈಯೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಕಣಗಳಿಂದ ಆಗಿದೆ. ಒಂದೊಂದಕ್ಕೂ ಬೆಳೆಯುವ ಸರದಿ ಇದೆ, ನಿಲ್ಲುವ ಸರದಿ ಇದೆ, ಸಾಯುವ ಸರದಿಯೂ ಇದೆ. ಒಂದೇ ಜಾಗದಲ್ಲಿ ದಿನವೂ ಹೊಗೆಸೊಪ್ಪು, ಸುಣ್ಣ, ಅಡಿಕೆ ಇಟ್ಟು ಸುಡುತ್ತಿದ್ದರೆ, ವರ್ಷಗಳಾದ ಮೇಲೆ ಅಲ್ಲಿನ ಒಂದು ಕಣ ತನ್ನ ಸರದಿಯನ್ನು ಮರೆಯುತ್ತದೆ. ಮರೆತದ್ದು ಬೆಳೆಯುತ್ತಲೇ ಹೋಗುತ್ತದೆ, ಪಕ್ಕದವುಗಳ ಪಾಲನ್ನೂ ತಾನೇ ಉಣ್ಣುತ್ತದೆ. ಎಲೆ ಹಾಕುವವರಿಗೆಲ್ಲ ಬರುತ್ತದೆ ಎಂದಲ್ಲ, ಹಾಕದವರಿಗೆ ಬರುವುದೇ ಇಲ್ಲ ಎಂದೂ ಅಲ್ಲ. ಆದರೆ ಇಲ್ಲಿ ಕೂತಿರುವವರಲ್ಲಿ ಬಹಳ ಮಂದಿಗೆ ಬಂದದ್ದು ಆ ದಾರಿಯಿಂದಲೇ.

ಚೆನ್ನಾಜಮ್ಮನಿಗೆ ಇದನ್ನು ಬೇರೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಅವಳು ಕೆರೆಯ ಊರಿನವಳು. ಸರದಿ ಮೀರಿ ತೂಬು ಎತ್ತಿದರೆ ಏನಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಸಣ್ಣಮ್ಮ ಕೆರೆಯ ತೂಬು ಎತ್ತಿರಲಿಲ್ಲ. ಸಣ್ಣಮ್ಮನ ಮೈಯೊಳಗಿನ ತೂಬು ಎತ್ತಿದ್ದು ಚೆನ್ನಾಜಮ್ಮನ ಕೈಯೆಲೆ. ದಿನವೂ ಬೆಳಗ್ಗೆ, ವಸಿ ಜಾಸ್ತಿ ಹೊಗೆಸೊಪ್ಪು ಹಾಕಿ, ನಗುನಗುತ್ತಾ ಕೊಟ್ಟದ್ದು. ಆ ಕೋಣೆಯಲ್ಲಿ ಅಷ್ಟು ಜನರ ನಡುವೆ ಚೆನ್ನಾಜಮ್ಮ ತನ್ನ ಬಲಗೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳಂತೆ.

ಬಿಳಿ ಮಚ್ಚೆ ಇದ್ದಾಗಲೇ ಬಂದಿದ್ದರೆ ಸ್ವಲ್ಪದರಲ್ಲೇ ಮುಗಿಯುತ್ತಿತ್ತು ಎಂದರು ಡಾಕ್ಟರಮ್ಮ. ಈಗ ಕೆನ್ನೆಯನ್ನೂ ದವಡೆಯ ಒಂದು ತುಂಡನ್ನೂ ತೆಗೆಯಬೇಕಾಯಿತು. ಎದೆಯ ಚರ್ಮ ತಂದು ಕೆನ್ನೆಗೆ ಹೊಲಿದರು. ಮೂಗಿನ ಕೊಳವೆಯಲ್ಲಿ ಗಂಜಿ ಹೋಯಿತು. ಗಾಯ ಮಾಯ್ದ ಮೇಲೆ ಕರೆಂಟು, ಅಂದರೆ ಉಳಿದ ಕಾಯಿಲೆಯನ್ನು ಸುಡುವ ಕಿರಣ, ಕೊಟ್ಟರು. ಬಾಯಿ ಒಣಗಿತು, ನಾಲಿಗೆಗೆ ಉಪ್ಪು ಹುಳಿ ತಿಳಿಯದೆ ಹೋಯಿತು, ಮಾತು ತೊದಲಿತು. ಪಕ್ಕದ ಹಾಸಿಗೆಯ ಹೆಂಗಸು ಒಂದು ಬೆಳಗ್ಗೆ ಇರಲಿಲ್ಲ. ಚೆನ್ನಾಜಮ್ಮ ಉಳಿದಳು. ನಾನು ಯಾಕೆ ಉಳಿದೆ ಎಂದು ಅವಳು ದೇವರನ್ನು ಕೇಳಲಿಲ್ಲವಂತೆ, ಕೇಳುವ ಮುಖ ಇರಲಿಲ್ಲ.

ಊರಿಗೆ ಬಂದವಳು ತನ್ನ ಮನೆಗೆ ಹೋಗಲಿಲ್ಲ. ಯಾರಿಗೂ ಕಾಣದ ಹಾಗೆ ಹಿತ್ತಿಲ ದಾರಿಯಿಂದ ಮಾದೇವಿಯ ಮನೆಗೆ ಹೋದಳು. ಸೆರಗು ತೆಗೆದು ಕುಸಿದ ಕೆನ್ನೆ ತೋರಿಸಿದಳು. ನಿನ್ನ ತಾಯಿಯ ವಿಷಯದಲ್ಲಿ ನನ್ನಿಂದ ತಪ್ಪಾಯಿತು ಎಂದಳು. ತೊದಲುವ ಬಾಯಲ್ಲಿ ಆ ಒಂದು ಮಾತು ಆಡಲು ಬಹಳ ಹೊತ್ತು ಹಿಡಿಯಿತು.

ಮಾದೇವಿ ಸೊಪ್ಪು ಸೋಸುತ್ತಿದ್ದವಳು ಮೇಲೇಳಲಿಲ್ಲ.

"ನಮ್ಮವ್ವನ್ನ ಸುಳ್ಳಿ ಅಂದದ್ದು ಹಿತ್ತಿಲಲ್ಲಿ ಅಲ್ಲ ಅಮ್ಮಾವ್ರೇ. ಕಟ್ಟೆ ಮೇಲೆ."

ಚೆನ್ನಾಜಮ್ಮ ಬಂದ ದಾರಿಯಲ್ಲೇ ಹಿಂದಕ್ಕೆ ಹೋದಳು.

ಕೆಲವು ದಿನ ಅವಳು ಹೊರಗೆ ಬರಲಿಲ್ಲ. ಹರಕೆ ತೀರಿಸಿ ಬಂದ ತಾಯಿ ಮೌನವ್ರತ ಹಿಡಿದಿದ್ದಾಳೆ ಎಂದು ಊರು ಮಾತಾಡಿಕೊಂಡಿತು, ಬಾಗಿಲಿಗೆ ಹೂವು ಇಟ್ಟು ಹೋಯಿತು. ಆ ಹೂವುಗಳನ್ನು ಅವಳು ದಾಟಲಾರದೆ ಹೋದಳು ಎನ್ನುತ್ತಾರೆ. ಸುಮ್ಮನಿದ್ದರೆ ಅವಳ ಹೆಸರು ಬಂಗಾರದ ಹಾಗೆ ಉಳಿಯುತ್ತಿತ್ತು. ಬಾಯಿ ತೋರಿಸಿದರೆ ಅವಳೂ ಎಲೆ ಹಿಡಿದವಳು.

ಆಗ ಬೇಲಿಯ ವ್ಯಾಜ್ಯವೊಂದು ಬಂತು. ಆಣೆಯೆಲೆ ಮಡಿಸಬೇಕು, ಕಟ್ಟೆಗೆ ಬರಬೇಕು ಎಂದು ಪಟೇಲ ಹೇಳಿಕಳಿಸಿದ. ಚೆನ್ನಾಜಮ್ಮ ತಟ್ಟೆಯನ್ನು ಕೆಳಗಿಳಿಸಿ ಬೆಳಗಿದಳು. ನಡುವಿನ ಮನೆಯ ಹೊಗೆಸೊಪ್ಪನ್ನು ತಿಪ್ಪೆಗೆ ಚೆಲ್ಲಿದಳು. ಆ ಖಾಲಿ ಜಾಗದಲ್ಲಿ ತನ್ನ ದುಂಡನೆಯ ಕನ್ನಡಿಯನ್ನು ಇಟ್ಟಳು. ಅದು ಹೇಳಿ ಮಾಡಿಸಿದಂತೆ ಕೂತಿತಂತೆ.

ಊರೆಲ್ಲ ಕೂಡಿತ್ತು. ಚೆನ್ನಾಜಮ್ಮ ಕಟ್ಟೆ ಹತ್ತಿ ಸೆರಗು ತೆಗೆದಳು. ಮುಂದೆ ಕೂತಿದ್ದ ಹೆಂಗಸೊಬ್ಬಳು ಕಿರುಚಿ ಕಣ್ಣು ಮುಚ್ಚಿಕೊಂಡಳು. ಚೆನ್ನಾಜಮ್ಮ ಬಾಯಿ ತೆರೆದಳು, ತೆರೆಯುವಷ್ಟು ತೆರೆದಳು, ಎಲ್ಲರ ಕಡೆಗೂ ತಿರುಗಿ ತೋರಿಸಿದಳು. ಆಮೇಲೆ ಒಂದೊಂದೇ ಮಾತನ್ನು ಕಲ್ಲು ಹೊರುವ ಹಾಗೆ ಎತ್ತಿ ಇಟ್ಟಳು. ನಾನು ಬೆಟ್ಟಕ್ಕೆ ಹೋಗಿರಲಿಲ್ಲ, ಆಸ್ಪತ್ರೆಗೆ ಹೋಗಿದ್ದೆ. ಬೆಟ್ಟ ಎಂದದ್ದು ಸುಳ್ಳು. ಆದರೆ ಹುಣ್ಣು ಮೊದಲು ಬಂತು, ಸುಳ್ಳು ಆಮೇಲೆ ಬಂತು. ನಾಚಿಕೆಯಿಂದ ಬಂತು. ಇದು ಎಲೆಯ ತೀರ್ಪಲ್ಲ, ಹೊಗೆಸೊಪ್ಪಿನ ಕಾಯಿಲೆ. ಸಣ್ಣಮ್ಮ ಸುಳ್ಳು ಹೇಳಲಿಲ್ಲ. ಅವಳನ್ನು ಸುಳ್ಳಿ ಎಂದ ಬಾಯಿ ಇದು, ಅವಳಿಗೆ ಕಾಯಿಲೆ ಕೊಟ್ಟ ಕೈ ಇದು.

ಊರು ಅವಳ ಕಾಲಿಗೆ ಬಿತ್ತು, ಮರದಿಂದ ಹೂಮಳೆ ಸುರಿಯಿತು ಎಂದು ಹಾಡುವವರಿದ್ದಾರೆ. ಹಾಗೇನೂ ಆಗಲಿಲ್ಲ. ಆದದ್ದು ಬೇರೆ.

"ಹಂಗಾದ್ರೆ ಅಮ್ಮಾವ್ರೂ ಹಿಂದೆ ಏನೋ ಸುಳ್ಳಾಡವ್ರೆ" ಎಂದಿತು ಹಿಂದಿನಿಂದ ಒಂದು ದನಿ.

"ಎಲೆ ತನ್ನ ಮಡಿಸ್ದೋಳ್ನೂ ಬಿಡಾಕಿಲ್ಲ ನೋಡು" ಎಂದಿತು ಇನ್ನೊಂದು.

ಪಟೇಲ ಶಾಂತಪ್ಪ ಮಾತ್ರ ಟವಲು ಬಾಯಿಗೆ ಒತ್ತಿಕೊಂಡು ಕೂತಿದ್ದ.

ಬಾಗಿಲಿಗೆ ಇಟ್ಟಿದ್ದ ಹೂವನ್ನೆಲ್ಲ ಊರು ಒಂದೇ ಗಳಿಗೆಯಲ್ಲಿ ಹಿಂದಕ್ಕೆ ತೆಗೆದುಕೊಂಡಿತು. ಚೆನ್ನಾಜಮ್ಮ ಸೆರಗು ಮುಚ್ಚಿಕೊಳ್ಳಲಿಲ್ಲ. ಕಟ್ಟೆಯಿಂದ ಇಳಿಯಲೂ ಇಲ್ಲ. ಸಣ್ಣಮ್ಮ ನಿಂತ ಜಾಗದಲ್ಲೇ ನಿಂತು, ಸಣ್ಣಮ್ಮ ಕೇಳಿದ ಮಾತುಗಳನ್ನೇ ಕೇಳಿದಳು. ಕನ್ನಡಿ ಇಟ್ಟ ತಟ್ಟೆಯನ್ನು ಊರಿನ ಕಡೆಗೆ ಎತ್ತಿ ಹಿಡಿದಳಂತೆ. ಆಗ ಜನರ ಹಿಂದಿನಿಂದ ಮಾದೇವಿ ಬಂದಳು. ಕಟ್ಟೆ ಹತ್ತಿ ಆ ತಟ್ಟೆಯನ್ನು ಅವಳ ಕೈಯಿಂದ ತೆಗೆದುಕೊಂಡು ತಾನು ಹಿಡಿದು ನಿಂತಳು. ಮಾದೇವಿ ಅವಳನ್ನು ತಬ್ಬಿಕೊಂಡಳು ಎನ್ನುತ್ತಾರೆ. ತಬ್ಬಿಕೊಳ್ಳಲಿಲ್ಲ. ತಟ್ಟೆ ಹಿಡಿದುಕೊಂಡಳು, ಅಷ್ಟೇ.

ಮಾರನೆಯ ಬೆಳಗ್ಗೆ ಚೆನ್ನಾಜಮ್ಮನ ಹಿತ್ತಿಲ ಬಾಗಿಲು ಸದ್ದಾಯಿತು. ನೋಡಿದರೆ ಪಟೇಲ. ಟವಲು ತೆಗೆದ. ಬಾಯಿ ಎರಡು ಬೆರಳು ಹೋಗುವಷ್ಟೂ ತೆರೆಯುತ್ತಿರಲಿಲ್ಲ.

"ಮುದ್ದೆ ನುಂಗಿ ವರ್ಷ ಆಯ್ತು ತಾಯಿ. ಒಳಗೆ ಬೆಳ್ಳಗೆ ಏನೋ ಅದೆ. ವಸಿ ನೋಡು, ಯಾರಿಗೂ ಅನ್ಬೇಡ."

ಚೆನ್ನಾಜಮ್ಮ ಬಾಗಿಲಿಗೆ ಅಡ್ಡ ನಿಂತಳಂತೆ. ಆಮೇಲೆ, "ಹಿತ್ತಿಲಲ್ಲಿ ನೋಡೋದಿಲ್ಲ ಪಟೇಲ್ರೇ. ಕಟ್ಟೆಗೆ ಬನ್ನಿ" ಎಂದಳು.

ಅವನು ಹೋದ. ಅವಮಾನದಿಂದ ಮನೆ ಸೇರಿ ಬಾಗಿಲು ಹಾಕಿಕೊಂಡ. ಆದರೆ ಜೀವ ಎಲ್ಲರಿಗೂ ಸಿಹಿ. ಬಿಸಿಲು ನೆತ್ತಿಗೇರುವ ಮೊದಲೇ ಪಟೇಲ ಶಾಂತಪ್ಪ ಕಟ್ಟೆಯ ಮೇಲೆ ಕೂತು, ಊರು ನೋಡುತ್ತಿರುವಾಗ, ಸೂರ್ಯನ ಕಡೆಗೆ ಬಾಯಿ ತೆರೆದ. ಪಟೇಲನನ್ನು ಸುಳ್ಳ ಎನ್ನುವುದು ಹೇಗೆ? ಅವನ ಹಿಂದೆ ಒಬ್ಬ ಮುದುಕಿ ಬಂದಳು, ಅವಳ ಹಿಂದೆ ಒಬ್ಬ ಎಳೆಯ ಸೊಸೆ ಬಂದಳು. ಸೆರಗುಗಳು ಒಂದೊಂದಾಗಿ ಸರಿದವು. ಇಷ್ಟು ಬಾಯಿಗಳು ಇಷ್ಟು ದಿನ ಮುಚ್ಚಿಕೊಂಡಿದ್ದವೇ ಎಂದು ಊರು ತನ್ನ ಮುಖವನ್ನೇ ತಾನು ನೋಡಲಾರದೆ ನೆಲ ನೋಡಿತು.

ಬಿಳಿ ಮಚ್ಚೆ ಇದ್ದವರು ಹೊಳೆ ದಾಟಿ ಆಸ್ಪತ್ರೆಗೆ ಹೋಗಿ ಬಂದರು, ಹೊಗೆಸೊಪ್ಪು ಬಿಟ್ಟರು, ಬಹುಮಂದಿ ಉಳಿದರು. ತಡವಾದವರು ಉಳಿಯಲಿಲ್ಲ. ಪಟೇಲ ಗಂಜಿ ಕುಡಿದೇ ಬಹಳ ಕಾಲ ಬದುಕಿದ. ಚೆನ್ನಾಜಮ್ಮ ಮುಚ್ಚಿದ ಬಾಯಿಯನ್ನು ನೋಡಿಯೇ ಒಳಗಿನ ಹುಣ್ಣು ಹೇಳುತ್ತಿದ್ದಳು ಎಂಬ ಮಾತಿದೆ. ಅದೂ ಸುಳ್ಳು. ಅವಳು ಬಿಸಿಲಿನಲ್ಲಿ ಕೂರಿಸಿ, ಕೆನ್ನೆ ಬಿಡಿಸಿ, ನಾಲಿಗೆ ಎತ್ತಿಸಿ ನೋಡುತ್ತಿದ್ದಳು. ಬಿಳಿಯೋ ಕೆಂಪೋ ಮಚ್ಚೆ, ಹದಿನೈದು ದಿನ ಕಳೆದರೂ ಮಾಯದ ಹುಣ್ಣು, ಬಿಗಿಯುತ್ತಿರುವ ಬಾಯಿ, ಕೊರಳಲ್ಲಿ ಗಂಟು ಕಂಡರೆ ಆಸ್ಪತ್ರೆಗೆ ಕಳಿಸುತ್ತಿದ್ದಳು. ಅಷ್ಟೇ. ಕೆಲವು ವರ್ಷಗಳ ಮೇಲೆ ಅವಳ ಕೊರಳಿಗೇ ಗಂಟು ಮರಳಿ ಬಂತು. ಕೊನೆಯವರೆಗೂ ಅವಳು ಸೆರಗು ಮುಚ್ಚಿಕೊಳ್ಳಲಿಲ್ಲ, ಒಂದೆಲೆಯನ್ನೂ ಮಡಿಸಲಿಲ್ಲ. ಅವಳು ಹೋಗುವಾಗ ಮಾದೇವಿ ಬಾಯಿಗೆ ನೀರು ಬಿಟ್ಟಳಂತೆ. ಕ್ಷಮಿಸಿದೆ ಎಂದು ಹೇಳಿದಳೇ ಇಲ್ಲವೇ, ಯಾರೂ ಕೇಳಿಸಿಕೊಂಡಿಲ್ಲ.

ಆ ಊರಿನಲ್ಲಿ ಈಗ ಎಲೆಯ ಮೇಲೆ ಆಣೆ ಇಲ್ಲ. ಶುಭಕಾರ್ಯಕ್ಕೆ ಎಲೆ ಅಡಿಕೆಯನ್ನು ಕೈಗೆ ಕೊಡುತ್ತಾರೆ, ಬಾಯಿಗೆ ಹಾಕುವುದಿಲ್ಲ. ತಟ್ಟೆಯ ನಡುವಿನ ಮನೆಯಲ್ಲಿ ಕನ್ನಡಿ ಇಡುತ್ತಾರೆ. ಮೊದಲ ತಟ್ಟೆ ಹೋಗುವುದು ನೀರುಗಂಟಿಯ ಮನೆಗೆ. ಯಾರಾದರೂ ಕಾಯಿಲೆ ಮುಚ್ಚಿಟ್ಟರೆ ಹಿರಿಯರು, "ಹುಣ್ಣು ಮೊದಲು, ಸುಳ್ಳು ಆಮೇಲೆ" ಎಂದು ಗದರುತ್ತಾರೆ.

ಮಳೆ ಬಂದು ಕೆರೆ ತುಂಬಿ ಮೊದಲ ಸಲ ತೂಬು ಎತ್ತುವ ದಿನ ಊರೆಲ್ಲ ಅರಳಿಕಟ್ಟೆಯ ಹತ್ತಿರ ಸೇರುತ್ತದೆ. ಅಂದು ಸರದಿ ಮೀರಿ ತೂಬು ಎತ್ತಿದವರು ಯಾರೋ, ಇಂದಿಗೂ ಗೊತ್ತಾಗಿಲ್ಲ. ಯಾರ ಮನೆಯ ಹಿರಿಯರೋ ಇರಬೇಕು. ಅದಕ್ಕೇ ಎಲ್ಲರೂ ತಲೆ ತಗ್ಗಿಸಿಯೇ ನಿಲ್ಲುತ್ತಾರೆ. ಒಬ್ಬೊಬ್ಬರಾಗಿ ಮುಂದೆ ಬಂದು ಕನ್ನಡಿ ಕೈಗೆತ್ತಿಕೊಂಡು, "ಸಣ್ಣಮ್ಮ ಸುಳ್ಳು ಹೇಳಲಿಲ್ಲ" ಎನ್ನುತ್ತಾರೆ. ಆಮೇಲೆ ತಲೆ ಎತ್ತಿ, ಬಿಸಿಲಿಗೆ ಮುಖ ಮಾಡಿ, ಬಾಯಿ ತೆರೆಯುತ್ತಾರೆ.